ಮನೆಗೆ ಒಂದೇ ಇಂಟರ್‌ನೆಟ್, ಕಂಪ್ಯೂಟರ್ ಹಲವು: ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿ, ಮಂಗಳೂರಿನ ಮನೆಗಳಲ್ಲಿ ನೆಟ್‌ವರ್ಕ್ ವೈರಿಂಗ್ ಮಾಡಿಕೊಡುವುದು ನನ್ನ ಕೆಲಸ. ಫೋನ್ ಮಾಡಿ ಜನ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ. ಬರೆದಿಟ್ಟರೆ ನಾಲ್ಕು ಜನಕ್ಕೆ ಉಪಯೋಗವಾದೀತು ಅಂತ ಇಲ್ಲಿ ಹಾಕಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನೆಟ್ ನಿಧಾನ ಅಂತ ಕರೆ ಬಂದ ಹೆಚ್ಚಿನ ಮನೆಗಳಲ್ಲಿ ಹೊರಗಿನಿಂದ ಬರುವ ಲೈನ್ ಸರಿಯಾಗಿಯೇ ಇರುತ್ತದೆ. ತೊಂದರೆ ಇರುವುದು ಮನೆಯೊಳಗೆ ಅದನ್ನು ಹಂಚಿಕೊಂಡ ರೀತಿಯಲ್ಲಿ. ದೊಡ್ಡ ಪ್ಲಾನ್ ಹಾಕಿಸುವ ಮೊದಲು ಇದನ್ನೊಮ್ಮೆ ಓದಿ.

ಒಂದೇ ಕನೆಕ್ಷನ್‌ನಲ್ಲಿ ನಾಲ್ಕೈದು ಕಂಪ್ಯೂಟರ್ ಓಡಿಸಬಹುದಾ? ಬೇರೆ ದುಡ್ಡು ಕೊಡಬೇಕಾ?

ಧಾರಾಳವಾಗಿ ಓಡಿಸಬಹುದು. ಬೇರೆ ದುಡ್ಡು ಬೇಡ.

ಕೂಡು ಕುಟುಂಬದ ಒಂದು ದೊಡ್ಡ ಮನೆ ಎಂದುಕೊಳ್ಳಿ. ಅಂಚೆಯವನಿಗೆ ಗೊತ್ತಿರುವುದು ಮನೆಯ ವಿಳಾಸ ಮಾತ್ರ. ಕಾಗದ ಚಾವಡಿಗೆ ಬರುತ್ತದೆ. ಯಾವುದು ಯಾರಿಗೆ ಎಂದು ನೋಡಿ ಒಳಗೆ ಕೊಡುವುದು ಚಾವಡಿಯಲ್ಲಿ ಕೂತ ಹಿರಿಯರು. ರೂಟರ್ ಮಾಡುವುದು ಇದನ್ನೇ. ಹೊರಗಿನ ಜಗತ್ತಿಗೆ ನಿಮ್ಮ ಇಡೀ ಮನೆ ಒಂದೇ ಐಪಿ ವಿಳಾಸ. ಒಳಗೆ ಪ್ರತಿ ಕಂಪ್ಯೂಟರಿಗೂ ಫೋನಿಗೂ ರೂಟರ್ ಒಂದೊಂದು ಮನೆವಿಳಾಸ ಕೊಡುತ್ತದೆ. 192.168 ಎಂದು ಸುರುವಾಗುವ ಸಂಖ್ಯೆ ನೋಡಿರುತ್ತೀರಲ್ಲ, ಅದೇ. ಯಾವ ಕಂಪ್ಯೂಟರ್ ಏನು ಕೇಳಿತ್ತು ಎಂದು ರೂಟರ್ ಪಟ್ಟಿ ಇಟ್ಟುಕೊಂಡು, ಉತ್ತರ ಬಂದಾಗ ಸರಿಯಾದವರಿಗೆ ತಲುಪಿಸುತ್ತದೆ. ಈ ಕೆಲಸಕ್ಕೆ ನ್ಯಾಟ್ ಎಂದು ಹೆಸರು. ಹಳೆಯ ಲೆಕ್ಕದ ಐಪಿ ವಿಳಾಸಗಳು ಇಡೀ ಜಗತ್ತಿಗೆ ಇರುವುದೇ ಸುಮಾರು 429 ಕೋಟಿ. ಎಲ್ಲ ಫೋನಿಗೂ ಟೀವಿಗೂ ಬೇರೆ ಬೇರೆ ಕೊಡಲು ಸಾಲುವುದಿಲ್ಲ. ಹಾಗಾಗಿ 192.168ರ ಥರದ ಕೆಲವು ಸಂಖ್ಯೆಗಳನ್ನು ಮನೆಯೊಳಗಿನ ಬಳಕೆಗೆಂದೇ ಬಿಟ್ಟಿದ್ದಾರೆ. ನಿಮ್ಮ ಮನೆಯಲ್ಲೂ ಪಕ್ಕದ ಮನೆಯಲ್ಲೂ 192.168.1.5 ಇರಬಹುದು, ಏನೂ ತೊಂದರೆಯಿಲ್ಲ.

ಕಂಪನಿಯವರು ಹಾಕಿಹೋದ ಡಬ್ಬಿ ಒಂದೇ ಸಾಕಾ? ಬೇರೆ ರೂಟರ್ ತರಬೇಕಾ?

ಈಗ ಫೈಬರ್ ಜತೆ ಕೊಡುವ ಹೆಚ್ಚಿನ ಡಬ್ಬಿಗಳಲ್ಲಿ ಮೋಡೆಮ್, ರೂಟರ್, ವೈಫೈ ಮೂರೂ ಒಟ್ಟಿಗೇ ಇರುತ್ತವೆ. ಹಿಂದೆ ತಿರುಗಿಸಿ ನೋಡಿ. ಲ್ಯಾನ್ ಎಂದು ಬರೆದ ಎರಡೋ ನಾಲ್ಕೋ ತೂತು ಇದ್ದರೆ, ವೈಫೈ ಹೆಸರು ಬರುತ್ತಿದ್ದರೆ, ಸಣ್ಣ ಮನೆಗೆ ಅದೇ ಸಾಕು. ಸುಮ್ನೆ ಇನ್ನೊಂದು ತರಬೇಡಿ.

ಆ ಡಬ್ಬಿಗೆ ಬರುವ ತೆಳ್ಳಗಿನ ಹಳದಿ ಅಥವಾ ಬಿಳಿ ವೈರು ಗಾಜಿನದು. ಅದನ್ನು ಚೂಪಾಗಿ ಮಡಚಬೇಡಿ, ಮೇಜಿನ ಕಾಲಿನಡಿ ಸಿಕ್ಕಿಸಬೇಡಿ. ತುದಿ ಬಿಚ್ಚಿ ಕಣ್ಣ ಹತ್ತಿರ ಹಿಡಿದು ನೋಡಲೇಬೇಡಿ. ಒಳಗಿನ ಬೆಳಕು ಕಣ್ಣಿಗೆ ಕಾಣುವಂಥದ್ದಲ್ಲ, ಆದರೆ ಅದು ಲೇಸರ್. ಎಲ್‌ಒಎಸ್ ಎಂಬ ದೀಪ ಕೆಂಪಾದರೆ ಡಬ್ಬಿಗೆ ಹೊರಗಿನ ಬೆಳಕು ತಲುಪುತ್ತಿಲ್ಲ ಎಂದರ್ಥ. ಆ ವೈರನ್ನು ಮಡಚದಂತೆ ನೋಡಿಕೊಂಡು, ದೂರು ಕೊಡಿ.

100 ಎಂಬಿಪಿಎಸ್ ಪ್ಲಾನ್. ಐದು ಜನ ಕೂತರೆ ತಲಾ 20 ಮಾತ್ರ ಸಿಗುವುದಾ?

ಐದು ಜನ ಒಂದೇ ಹೊತ್ತಿಗೆ ದೊಡ್ಡ ಫೈಲ್ ಇಳಿಸಿಕೊಂಡರೆ ಹಾಗೆ ಆಗಬಹುದು. ಆದರೆ ಮನೆಯಲ್ಲಿ ಹಾಗೆ ಆಗುವುದು ಕಡಿಮೆ. ಒಬ್ಬರು ಪುಟ ತೆರೆದು ಓದುವಾಗ ಲೈನ್ ಖಾಲಿ ಇರುತ್ತದೆ. ಎಚ್‌ಡಿ ವೀಡಿಯೊಗೆ 5 ಎಂಬಿಪಿಎಸ್ ಸಾಕು. ವೀಡಿಯೊ ಕಾಲ್‌ಗೆ 3, 4 ಸಾಕು. 4ಕೆ ಟೀವಿಗೆ ಸುಮಾರು 15ರಿಂದ 25. ಇವಿಷ್ಟನ್ನೂ ಕೂಡಿಸಿದರೂ 100ರೊಳಗೇ ಬರುತ್ತದೆ ಅಲ್ವಾ?

ಇನ್ನೊಂದು ಗೊಂದಲ. ಪ್ಲಾನಿನ ಎಂಬಿ ಎಂದರೆ ಮೆಗಾಬಿಟ್. ಫೈಲಿನ ಎಂಬಿ ಎಂದರೆ ಮೆಗಾಬೈಟ್. 8 ಬಿಟ್ ಸೇರಿದರೆ 1 ಬೈಟ್. ಹಾಗಾಗಿ 100ರ ಪ್ಲಾನಿನಲ್ಲಿ ಡೌನ್‌ಲೋಡ್ ಸೆಕೆಂಡಿಗೆ 12 ಎಂಬಿ ಎಂದು ತೋರಿಸಿದರೆ ನಿಮಗೆ ಪೂರ್ತಿ ಸ್ಪೀಡ್ ಸಿಗುತ್ತಿದೆ.

ಚಾವಡಿಯಲ್ಲಿ ಚೆನ್ನಾಗಿ ಬರುತ್ತದೆ, ಒಳಕೋಣೆಗೆ ಹೋದರೆ ಇಲ್ಲ. ಯಾಕೆ?

ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ನಮ್ಮ ಊರಿಗೆ ಇದರ ಉತ್ತರ ಒಂದೇ ಮಾತಿನಲ್ಲಿ ಹೇಳಬಹುದು: ಮುರಕಲ್ಲು, ಅಂದರೆ ಜಂಬಿಟ್ಟಿಗೆ.

ವೈಫೈ ಒಂದು ರೇಡಿಯೊ ಅಲೆ. ಗೋಡೆ ದಪ್ಪವಾದಷ್ಟೂ ಅದರ ಶಕ್ತಿ ಕುಂದುತ್ತದೆ. ನಮ್ಮ ಹಳೆ ಮನೆಗಳ ಮುರಕಲ್ಲಿನ ಗೋಡೆ ಕೆಲವು ಕಡೆ ಒಂದಡಿಗಿಂತಲೂ ದಪ್ಪ. ಕಲ್ಲಿನಲ್ಲಿ ಕಬ್ಬಿಣದ ಅಂಶ ಜಾಸ್ತಿ. ಅದರ ತೂತುಗಳಲ್ಲಿ ಮಳೆಗಾಲದ ತೇವ ಕೂತಿರುತ್ತದೆ, ನೀರು ಈ ಅಲೆಯನ್ನು ಚೆನ್ನಾಗಿ ಹೀರುತ್ತದೆ. ಮಾಳಿಗೆ ಮನೆಯಾದರೆ ಕಾಂಕ್ರೀಟಿನೊಳಗಿನ ಕಬ್ಬಿಣದ ಸರಳು ಅಡ್ಡ ಬರುತ್ತದೆ. ಅದಕ್ಕೆ ಹೋಲಿಸಿದರೆ ಹಂಚಿನ ಮಾಡು, ಮರದ ಅಟ್ಟ ಎಷ್ಟೋ ಮೇಲು. ಅಟ್ಟದ ಕೋಣೆಯಲ್ಲಿ ಸಿಗ್ನಲ್ ಬಂದು ಪಕ್ಕದ ಕೋಣೆಯಲ್ಲಿ ಬಾರದ ಮನೆಗಳನ್ನು ನಾನು ನೋಡಿದ್ದೇನೆ.

ಕುಂಜಿಬೆಟ್ಟಿನಲ್ಲಿ ನಮ್ಮ ದೊಡ್ಡಮ್ಮನ ಮನೆ. ಅಕ್ಕನಿಗೆ ಬೆಂಗಳೂರಿನ ಆಫೀಸು, ಕೆಲಸ ಮನೆಯಿಂದ. ಮೀಟಿಂಗಿನ ಮಧ್ಯೆ ಮಾತು ತುಂಡು ತುಂಡಾಗುತ್ತಿತ್ತು. "ಪ್ಲಾನ್ ಎರಡು ಸಲ ಜಾಸ್ತಿ ಮಾಡಿಸಿದೆ ಮಾರಾಯ, ಏನೂ ವ್ಯತ್ಯಾಸ ಇಲ್ಲ" ಎಂದಳು. ಹೋಗಿ ನೋಡಿದರೆ ರೂಟರ್ ಚಾವಡಿಯ ಮೂಲೆಯಲ್ಲಿ, ಟೀವಿ ಕಪಾಟಿನ ಕೆಳಗಿನ ಅರೆಯಲ್ಲಿ, ಬಾಗಿಲು ಹಾಕಿ ಇಟ್ಟಿತ್ತು. ಅದರ ಹಿಂದೆ ಗೋಡೆ, ಗೋಡೆಯ ಆಚೆ ಒತ್ತಿಕೊಂಡೇ ಸ್ಟೀಲ್ ಕಪಾಟು, ಅದರಾಚೆ ಅಕ್ಕನ ಮೇಜು. ಫೋನಿನಲ್ಲಿ ಸ್ಪೀಡ್ ಟೆಸ್ಟ್ ಮಾಡಿದೆ. ಟೀವಿಯ ಎದುರು 90ರ ಮೇಲೆ. ಮೇಜಿನ ಮೇಲೆ 6. ಫೈಬರ್ ವೈರು ಇನ್ನೂ ಮೂರು ಮೀಟರ್ ಸುರುಳಿ ಸುತ್ತಿ ಇಟ್ಟದ್ದಿತ್ತು. ಅದನ್ನು ಮೆಲ್ಲ ಬಿಡಿಸಿ, ರೂಟರನ್ನು ನಡುಬಾಗಿಲಿನ ಮೇಲಿನ ಹಲಗೆಯ ಮೇಲೆ ಇಟ್ಟೆವು. ಮೇಜಿನ ಮೇಲೆ 40 ದಾಟಿತು. ಖರ್ಚು ಒಂದು ಎಕ್ಸ್‌ಟೆನ್ಷನ್ ಬೋರ್ಡಿನದ್ದು ಮಾತ್ರ. ಅಕ್ಕ ಆ ದಿನವೇ ಹಳೆಯ ಪ್ಲಾನಿಗೆ ವಾಪಸ್ ಹೋದಳು.

ರೂಟರ್ ಮನೆಯ ನಡುವೆ, ಎದೆಯೆತ್ತರಕ್ಕಿಂತ ಮೇಲೆ, ಬಯಲಿನಲ್ಲಿ ಇರಲಿ. ಬಾಗಿಲಿನ ನೇರಕ್ಕೆ ಬಂದರೆ ಇನ್ನೂ ಒಳ್ಳೆಯದು. ಗೋಡೆಗಿಂತ ಬಾಗಿಲು ಅಲೆಗೆ ಸುಲಭದ ದಾರಿ. ಕಪಾಟು, ಫ್ರಿಜ್, ನೀರಿನ ಟ್ಯಾಂಕಿ, ದೊಡ್ಡ ಕನ್ನಡಿ, ಇವುಗಳ ಹಿಂದೆ ಬೇಡ. ಕನೆಕ್ಷನ್ ಹಾಕಲು ಬಂದವರು ಕಿಟಕಿಯ ಹತ್ತಿರ ಎಲ್ಲಿ ಸುಲಭವೋ ಅಲ್ಲೇ ಹಾಕಿಬಿಡುತ್ತಾರೆ. ಅವರು ಬಂದ ದಿನವೇ "ಇಲ್ಲಿಗೆ ಬೇಕು" ಎಂದು ಜಾಗ ತೋರಿಸಿ.

2.4, 5 ಎಂದು ಎರಡು ಹೆಸರು ಬರುತ್ತದೆ. ಯಾವುದಕ್ಕೆ ಸೇರಬೇಕು?

ರೂಟರ್ ಇರುವ ಕೋಣೆಯಲ್ಲೇ ಇದ್ದರೆ 5 ಗಿಗಾಹರ್ಟ್ಸ್. ವೇಗ ಜಾಸ್ತಿ, ಆದರೆ ಗೋಡೆ ದಾಟಲು ಕಷ್ಟ. ಗೋಡೆಯಾಚೆ ಇದ್ದರೆ 2.4. ದೂರ ಹೋಗುತ್ತದೆ, ಆದರೆ ಅಲ್ಲಿ ಗದ್ದಲ. ಕದ್ರಿ, ಬಿಜೈ ಕಡೆಯ ಫ್ಲ್ಯಾಟುಗಳಲ್ಲಿ ಫೋನ್ ತೆರೆದರೆ ಅಕ್ಕಪಕ್ಕದವರ ಹೆಸರುಗಳ ಉದ್ದ ಪಟ್ಟಿಯೇ ಬರುತ್ತದೆ. ಎಲ್ಲರೂ ಅದೇ ಜಾಗದಲ್ಲಿ ಮಾತಾಡುತ್ತಿರುತ್ತಾರೆ. ಮೈಕ್ರೋವೇವ್ ಒಲೆ ಕೂಡ ಅಲ್ಲೇ. ರೂಟರಿನಲ್ಲಿ 2.4ರ ಚಾನಲ್ 1, 6, 11ರ ಪೈಕಿ ಖಾಲಿ ಇರುವುದನ್ನು ಆರಿಸಿ. ಇವು ಮೂರು ಮಾತ್ರ ಒಂದರ ಮೇಲೊಂದು ಬೀಳುವುದಿಲ್ಲ.

ವೈಫೈ ಇರುವಾಗ ವೈರು ಯಾಕೆ?

ನನ್ನ ಮಟ್ಟಿಗೆ ಇಡೀ ಪುಟದಲ್ಲಿ ಮುಖ್ಯವಾದ ಉತ್ತರ ಇದು. ಕೂತಲ್ಲೇ ಇರುವುದಕ್ಕೆ ವೈರು, ಓಡಾಡುವುದಕ್ಕೆ ವೈಫೈ. ಮೇಜಿನ ಮೇಲಿನ ಕಂಪ್ಯೂಟರ್, ಟೀವಿ, ಕ್ಯಾಮೆರಾದ ಚಿತ್ರ ದಾಖಲಿಸುವ ಡಿವಿಆರ್ ಡಬ್ಬಿ, ಇವು ಎಲ್ಲಿಗೂ ಹೋಗುವುದಿಲ್ಲ. ಅವಕ್ಕೆ ಒಮ್ಮೆ ವೈರು ಎಳೆದರೆ ಅವುಗಳ ಚಿಂತೆ ಮುಗಿಯಿತು, ಗಾಳಿಯಲ್ಲಿ ಉಳಿದ ಜಾಗ ಫೋನು, ಲ್ಯಾಪ್‌ಟಾಪುಗಳಿಗೆ. ದೊಡ್ಡಪ್ಪ ಟೀವಿಯಲ್ಲಿ ರಾತ್ರಿಯಿಡೀ ಯಕ್ಷಗಾನ ನೋಡಿದರೂ ಅಕ್ಕನ ವೈಫೈಗೆ ಅಡ್ಡಿಯಾಗುವುದಿಲ್ಲ.

ಕ್ಯಾಟ್ 6 ಕೇಬಲ್ ತನ್ನಿ. ತಗೊಳ್ಳುವಾಗ ಪೂರ್ತಿ ತಾಮ್ರದ್ದೇ ಎಂದು ಕೇಳಿ. ಅಗ್ಗದ ಕೆಲವು ಕೇಬಲಿನಲ್ಲಿ ಅಲ್ಯೂಮಿನಿಯಂ ತಂತಿಗೆ ತಾಮ್ರದ ಲೇಪ ಮಾತ್ರ ಇರುತ್ತದೆ. ಬ್ಲೇಡಿನಿಂದ ತಂತಿಯ ಮೈ ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ. ಅದು ಬೇಗ ಮುರಿಯುತ್ತದೆ. ಒಂದು ಎಳೆ 100 ಮೀಟರ್ ತನಕ ಹೋಗಬಹುದು, ಯಾವ ಮನೆಗೂ ಅದು ಸಾಕು.

ತುದಿಗೆ ಆರ್‌ಜೆ45 ಕನೆಕ್ಟರ್ ಹಾಕುವುದು ಕಲಿಯಲು ಒಂದು ಸಂಜೆ ಸಾಕು. ಮೇಲಿನ ಸಿಪ್ಪೆ ಒಂದಿಂಚು ಬಿಡಿಸಿ. ಒಳಗೆ ಎಂಟು ಎಳೆ, ಎರಡೆರಡಾಗಿ ಹೊಸೆದದ್ದು. ಹೊಸೆದದ್ದನ್ನು ಬಿಚ್ಚಿ ನೇರ ಮಾಡಿ, ಸಾಲಾಗಿ ಇಡಿ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಕನೆಕ್ಟರಿನ ಮುಳ್ಳು (ಒತ್ತಿದರೆ ಬಗ್ಗುವ ಪ್ಲಾಸ್ಟಿಕ್ ಕ್ಲಿಪ್ಪು) ಕೆಳಗೆ ಇರಬೇಕು, ಎಡದಿಂದ ಬಲಕ್ಕೆ ಈ ಸಾಲು. ತುದಿ ಒಂದೇ ಸಮ ಕತ್ತರಿಸಿ, ಒಳಗೆ ದೂಡಿ. ಎಂಟೂ ತುದಿ ಮುಂದಿನ ಗೋಡೆಗೆ ಮುಟ್ಟಿದ್ದು ಕಣ್ಣಿಗೆ ಕಾಣಬೇಕು. ಆಮೇಲೆಯೇ ಕ್ರಿಂಪಿಂಗ್ ಟೂಲಿನಿಂದ ಒತ್ತಿ. ಎರಡೂ ತುದಿಗೆ ಅದೇ ಸಾಲು.

ಮಲ್ಪೆ, ಸುರತ್ಕಲ್‌ನಂಥ ಕಡಲ ಬದಿಯ ಮನೆಯವರು ಒಂದು ಗಮನಿಸಿ. ಉಪ್ಪುಗಾಳಿಗೆ ಕನೆಕ್ಟರಿನ ತಾಮ್ರ ಹಸಿರುಗಟ್ಟುತ್ತದೆ. ವರ್ಷಕ್ಕೊಮ್ಮೆ ಬಿಚ್ಚಿ ನೋಡಿ. ಹಸಿರು ಕಂಡರೆ ತುದಿ ಕತ್ತರಿಸಿ ಹೊಸದು ಹಾಕಿ. ಅದಕ್ಕಾಗಿಯೇ ಕೇಬಲ್ ಎಳೆಯುವಾಗ ಒಂದಡಿ ಜಾಸ್ತಿ ಬಿಡಬೇಕು.

ಪ್ಲಾನ್ 200ರದ್ದು. ವೈರು ಹಾಕಿದರೂ 94ರ ಮೇಲೆ ಹೋಗುವುದಿಲ್ಲ.

93, 94ರಲ್ಲಿ ಅಲುಗದೆ ನಿಂತಿದ್ದರೆ ದಾರಿಯಲ್ಲಿ ಎಲ್ಲೋ 100ರ ಬಾಗಿಲು ಇದೆ ಎಂದೇ ಲೆಕ್ಕ. ರೂಟರಿನ ಪೋರ್ಟು ಹಳೆಯದಿರಬಹುದು, ಕಂಪ್ಯೂಟರಿನದ್ದಿರಬಹುದು. ಎರಡೂ ಗಿಗಾಬಿಟ್ (ಅಂದರೆ 1000ರದ್ದು) ಆಗಿದ್ದರೆ ಕೇಬಲ್ ನೋಡಿ. 100ಕ್ಕೆ ನಾಲ್ಕು ಎಳೆ ಸಾಕು, ಗಿಗಾಬಿಟ್‌ಗೆ ಎಂಟೂ ಬೇಕು. ಉಳಿದ ನಾಲ್ಕರಲ್ಲಿ ಒಂದು ಎಳೆ ತಾಗದಿದ್ದರೂ ವೇಗ ಸಾಮಾನ್ಯವಾಗಿ ತಾನಾಗಿ 100ಕ್ಕೆ ಇಳಿಯುತ್ತದೆ, ಬೇರೆ ಯಾವ ಸೂಚನೆಯೂ ಬರುವುದಿಲ್ಲ.

ರೂಟರಿನ ತೂತು ಮುಗಿಯಿತು, ಇನ್ನೂ ಎರಡು ಕಂಪ್ಯೂಟರ್ ಉಂಟು.

ಐದು ಅಥವಾ ಎಂಟು ಪೋರ್ಟಿನ ಗಿಗಾಬಿಟ್ ಸ್ವಿಚ್ (ಒಂದು ವೈರನ್ನು ಹಲವು ಮಾಡುವ ಡಬ್ಬಿ) ತನ್ನಿ. ಒಂದು ವೈರು ರೂಟರಿಗೆ, ಉಳಿದವು ಕಂಪ್ಯೂಟರಿಗೆ. ಸೆಟ್ಟಿಂಗ್ ಏನೂ ಇಲ್ಲ.

ಹಳೆಯ ರೂಟರ್ ಒಂದಿದೆ. ಅದನ್ನು ಒಳಕೋಣೆಗೆ ಹಾಕಬಹುದಾ, ರಿಪೀಟರ್ ತರಬೇಕಾ?

ಹಳೆಯದನ್ನೇ ಹಾಕಿ. ರಿಪೀಟರಿಗಿಂತ ಇದೇ ಒಳ್ಳೆಯದು. ಸಾದಾ ರಿಪೀಟರ್ ಅದೇ ಗಾಳಿಯಲ್ಲಿ ಕೇಳಿ ಅದೇ ಗಾಳಿಯಲ್ಲಿ ಮತ್ತೆ ಹೇಳುತ್ತದೆ. ಹಾಗಾಗಿ ವೇಗ ಅರ್ಧಕ್ಕೆ ಬೀಳುತ್ತದೆ. ವೈರು ಎಳೆದು ಅದರ ತುದಿಗೆ ಇನ್ನೊಂದು ವೈಫೈ ಇಟ್ಟರೆ ವೇಗ ಕಡಿಮೆಯಾಗುವುದಿಲ್ಲ.

ಆದರೆ ಮೂರು ಕೆಲಸ ಮರೆಯಬಾರದು. ಮೊದಲು ಹಳೆ ರೂಟರಿನ ಸೆಟ್ಟಿಂಗಿಗೆ ಹೋಗಿ ಅದರ ವಿಳಾಸ ಬದಲಿಸಿ. ಮುಖ್ಯ ರೂಟರ್ 192.168.1.1 ಆದರೆ ಇದು 192.168.1.2 ಆಗಲಿ. ಎರಡನೆಯದು, ಅದರ ಡಿಎಚ್‌ಸಿಪಿ ಆಫ್ ಮಾಡಿ. ಮನೆವಿಳಾಸ ಹಂಚುವ ಕೆಲಸ ಅದು, ಒಂದು ಮನೆಯಲ್ಲಿ ಒಬ್ಬರೇ ಮಾಡಬೇಕು. ಇಬ್ಬರು ಹಂಚಿದರೆ ಕೆಲವು ಫೋನಿಗೆ ನೆಟ್ ಬರುತ್ತದೆ, ಕೆಲವಕ್ಕೆ ಇಲ್ಲ, ಯಾಕೆಂದು ತಿಳಿಯದೆ ದಿನವಿಡೀ ಹೋಗುತ್ತದೆ. ನನಗೂ ಒಮ್ಮೆ ಹೀಗಾಗಿದೆ. ಮೂರನೆಯದು, ಬರುವ ವೈರನ್ನು ಅದರ ವ್ಯಾನ್ (ಹೊರಗಿನ ಲೈನಿನ) ತೂತಿಗೆ ಹಾಕಬೇಡಿ, ಲ್ಯಾನ್ ತೂತಿಗೆ ಹಾಕಿ. ಎರಡಕ್ಕೂ ಒಂದೇ ವೈಫೈ ಹೆಸರು, ಒಂದೇ ಪಾಸ್‌ವರ್ಡ್ ಕೊಟ್ಟರೆ ಫೋನ್ ತಾನೇ ಹತ್ತಿರದ್ದನ್ನು ಹಿಡಿಯುತ್ತದೆ.

ವೈರು ಎಳೆಯಲು ಸಾಧ್ಯವೇ ಇಲ್ಲದ ಮನೆಗೆ ಮೆಶ್ ಸೆಟ್, ಅಂದರೆ ಗಾಳಿಯಲ್ಲೇ ಒಂದಕ್ಕೊಂದು ಸೇರಿಕೊಳ್ಳುವ ವೈಫೈ ಡಬ್ಬಿಗಳ ಜೋಡಿ, ಸರಿ. ಅದರಲ್ಲೂ ಎರಡು ಡಬ್ಬಿಗಳ ನಡುವೆ ಒಂದಕ್ಕಿಂತ ಜಾಸ್ತಿ ಮುರಕಲ್ಲಿನ ಗೋಡೆ ಬಾರದ ಹಾಗೆ ಇಡಿ.

ಸಿಡಿಲಿಗೆ ರೂಟರ್ ಸುಟ್ಟುಹೋಗುತ್ತದೆ. ಏನು ಮಾಡುವುದು?

ನಮ್ಮ ಕಡೆ ಏಪ್ರಿಲ್, ಮೇ ಸಂಜೆಗಳು, ಮತ್ತೆ ನವರಾತ್ರಿ, ದೀಪಾವಳಿಯ ಹೊತ್ತಿನ ಮಳೆ, ಇವು ಗುಡುಗುಸಿಡಿಲಿನ ಕಾಲ. ಹಿಂದೆ ಟೆಲಿಫೋನಿನ ತಾಮ್ರದ ಲೈನೇ ಸಿಡಿಲನ್ನು ಒಳಗೆ ತಂದು ಮೋಡೆಮ್ ಸುಡುತ್ತಿತ್ತು. ಫೈಬರಿನ ಗಾಜಿನಲ್ಲಿ ಕರೆಂಟು ಹರಿಯುವುದಿಲ್ಲ, ಆ ಭಯ ಈಗ ಕಡಿಮೆ. ಆದರೆ ಕರೆಂಟಿನ ಲೈನಿನಿಂದ ಬರುವ ಹೊಡೆತ ಹಾಗೇ ಉಂಟು. ಗುಡುಗು ಕೇಳುವ ಮೊದಲೇ ಅಡಾಪ್ಟರನ್ನು ಪ್ಲಗ್ಗಿನಿಂದ ಕಿತ್ತುಬಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಸ್ಪೈಕ್ ಗಾರ್ಡ್ ಇದ್ದರೆ ಒಳ್ಳೆಯದು, ಆದರೆ ಮನೆಯ ಅರ್ತಿಂಗ್ ಸರಿ ಇಲ್ಲದಿದ್ದರೆ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ.

ಸುಮ್ನೆ ಕರೆಂಟು ಹೋಗಿಬರುವ ಆಟಿಯ (ಜೋರು ಮಳೆಗಾಲದ) ದಿನಗಳಿಗೆ ರೂಟರಿನ ಸಣ್ಣ ಯುಪಿಎಸ್ ಸಿಗುತ್ತದೆ. ಹೆಚ್ಚಿನ ರೂಟರ್ 12 ವೋಲ್ಟಿನದ್ದು, ಕೆಲವು 9ರದ್ದು. ಅಡಾಪ್ಟರಿನ ಮೇಲೆ ಬರೆದದ್ದನ್ನು ಓದಿ, ಅದೇ ವೋಲ್ಟಿನದ್ದು ತನ್ನಿ.

ಒಂದೇ ಹಿತ್ತಿಲಲ್ಲಿ ಅಣ್ಣನ ಮನೆ ಬೇರೆ ಇದೆ. ಅಲ್ಲಿಗೂ ವೈರು ಎಳೆಯಬಹುದಾ?

ತೆಂಗಿನ ಮರಗಳ ನಡುವೆ, ಬಯಲಿನಲ್ಲಿ ಉದ್ದ ತಾಮ್ರದ ಕೇಬಲ್ ಎಳೆಯಬೇಡಿ. ಸಿಡಿಲು ಹತ್ತಿರ ಎಲ್ಲೋ ಬಿದ್ದರೂ ಆ ಉದ್ದದ ತಂತಿಯಲ್ಲಿ ಹೊಡೆತ ಹುಟ್ಟಿ, ಎರಡೂ ಮನೆಯ ಸಾಮಾನು ಹೋಗುತ್ತದೆ. ಇಂಥಲ್ಲಿ ಫೈಬರ್ ಎಳೆದು ಎರಡೂ ತುದಿಗೆ ಮೀಡಿಯಾ ಕನ್ವರ್ಟರ್ (ಫೈಬರನ್ನು ಸಾದಾ ನೆಟ್‌ವರ್ಕ್ ವೈರಿಗೆ ಸೇರಿಸುವ ಡಬ್ಬಿ) ಹಾಕಿ. ಉಕ್ಕಿನ ತಂತಿ ಇಲ್ಲದ ಫೈಬರ್ ಕೇಳಿ ತನ್ನಿ. ನಡುವೆ ಮರ ಅಡ್ಡ ಇಲ್ಲದಿದ್ದರೆ ಎದುರುಬದುರು ಇಡುವ ವೈರ್‌ಲೆಸ್ ಸೆಟ್ ಕೂಡ ಆಗುತ್ತದೆ.

ಬಾಡಿಗೆಯವರಿಗೆ, ಪಕ್ಕದ ಮನೆಯವರಿಗೆ ದುಡ್ಡು ತಗೊಂಡು ಕೊಡುವುದು ಬೇರೆ ವಿಷಯ. ಮನೆಬಳಕೆಯ ಕನೆಕ್ಷನ್ ಮಾರಲು ಕೊಟ್ಟದ್ದಲ್ಲ. ಯಾರು ಏನು ಮಾಡಿದರೂ ಮೊದಲು ವಿಚಾರಿಸುವುದು ಯಾರ ಹೆಸರಿನಲ್ಲಿ ಕನೆಕ್ಷನ್ ಇದೆಯೋ ಅವರನ್ನು.

ನೆಂಟರು ಬಂದಾಗ ಪಾಸ್‌ವರ್ಡ್ ಕೊಡಲೇಬೇಕಲ್ಲ?

ಕೊಡಿ, ಆದರೆ ಗೆಸ್ಟ್ ನೆಟ್‌ವರ್ಕಿನದ್ದು. ಈಗಿನ ಹೆಚ್ಚಿನ ರೂಟರಿನಲ್ಲಿ ಅದು ಉಂಟು. ಅದಕ್ಕೆ ಸೇರಿದವರಿಗೆ ನೆಟ್ ಸಿಗುತ್ತದೆ, ನಿಮ್ಮ ಕಂಪ್ಯೂಟರ್, ಪ್ರಿಂಟರ್ ಕಾಣುವುದಿಲ್ಲ. ಪಾಸ್‌ವರ್ಡಿಗೆ ಮೊಬೈಲ್ ನಂಬರ್ ಇಡಬೇಡಿ. ಸುರಕ್ಷತೆಯಲ್ಲಿ ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಆರಿಸಿ. ರೂಟರಿನ ಸೆಟ್ಟಿಂಗಿಗೆ ಹೋಗುವ ಪಾಸ್‌ವರ್ಡ್ ಬೇರೆಯೇ ಇರುತ್ತದೆ. ಅದನ್ನು ಅಡ್ಮಿನ್ ಎಂದೇ ಬಿಟ್ಟ ಮನೆಗಳು ತುಂಬ ಇವೆ. ಇವತ್ತೇ ಬದಲಿಸಿ.

ಮಗ ಕುವೈತಿನಲ್ಲಿದ್ದಾನೆ. ಮನೆಯ ಕಂಪ್ಯೂಟರ್, ಕ್ಯಾಮೆರಾ ಅಲ್ಲಿಂದ ನೋಡಬೇಕಂತೆ. ರೂಟರಿನ ಸೆಟ್ಟಿಂಗಿನಲ್ಲಿ ಪೋರ್ಟ್ ಬಿಟ್ಟರೂ (ಹೊರಗಿನಿಂದ ಒಳಬರಲು ದಾರಿ ತೆರೆದರೂ) ಆಗುವುದಿಲ್ಲ.

ರೂಟರಿನ ಪುಟದಲ್ಲಿ ವ್ಯಾನ್ ಐಪಿ ನೋಡಿ. ಅದು 100.64ರಿಂದ 100.127ರ ಒಳಗೆ ಇದ್ದರೆ, ಕಂಪನಿಯವರು ನಿಮ್ಮನ್ನೂ ಇನ್ನೂ ಹಲವು ಮನೆಗಳನ್ನೂ ಒಂದೇ ಹೊರವಿಳಾಸದ ಹಿಂದೆ ಕೂರಿಸಿದ್ದಾರೆ. ಮೊದಲು ಹೇಳಿದ ಚಾವಡಿಯ ಹೊರಗೆ ಇನ್ನೊಂದು ಚಾವಡಿ ಇದ್ದ ಹಾಗೆ. ಹೊರಗಿನಿಂದ ನೇರ ಬರಲು ದಾರಿಯಿಲ್ಲ. ಸ್ಟ್ಯಾಟಿಕ್ ಐಪಿ (ನಿಮಗೇ ಎಂದಿರುವ, ಬದಲಾಗದ ಹೊರವಿಳಾಸ) ಕೇಳಬಹುದು, ಅದಕ್ಕೆ ಸಾಮಾನ್ಯವಾಗಿ ಬೇರೆ ದುಡ್ಡು. ಬರೀ ಕ್ಯಾಮೆರಾ ನೋಡಲು ಅದು ಬೇಡ. ಕ್ಯಾಮೆರಾದ ಜತೆ ಬರುವ ಆ್ಯಪ್ ಸಾಕು. ಅದು ಒಳಗಿನಿಂದ ಹೊರಗೆ ಕರೆ ಮಾಡುವುದರಿಂದ ಅಡ್ಡಿಯಿಲ್ಲ.

ರೂಟರ್ ಕೆಟ್ಟಿದೆ, ಹೊಸದು ಬರುವ ತನಕ?

ಫೋನಿನ ಹಾಟ್‌ಸ್ಪಾಟ್. ಬ್ಯಾಟರಿ ಉಳಿಯಬೇಕಿದ್ದರೆ ಯುಎಸ್‌ಬಿ ವೈರಿನಲ್ಲಿ ಟೆದರಿಂಗ್ ಮಾಡಿ, ಅಂದರೆ ಫೋನಿನ ನೆಟ್ಟನ್ನು ವೈರಿನಲ್ಲೇ ಕಂಪ್ಯೂಟರಿಗೆ ಕೊಡಿ. ಕಂಪ್ಯೂಟರೇ ರೂಟರ್ ಆಗಬಲ್ಲದು ಎಂಬುದು ಹಲವರಿಗೆ ಗೊತ್ತಿಲ್ಲ. 1999ರ ವಿಂಡೋಸ್ 98 ಸೆಕೆಂಡ್ ಎಡಿಷನ್‌ನಲ್ಲೇ ಇದು ಬಂದಿತ್ತು. ಮನೆಯ ರೂಟರ್ ದುಬಾರಿಯಾಗಿದ್ದ ಆ ಕಾಲದಲ್ಲಿ ಒಂದು ಕಂಪ್ಯೂಟರಿನ ಡಯಲ್‌ಅಪ್ ಲೈನನ್ನು ಉಳಿದವು ಹಂಚಿಕೊಳ್ಳುತ್ತಿದ್ದವು. ಈಗಿನ ವಿಂಡೋಸ್ 10, 11ರಲ್ಲಿ ಮೊಬೈಲ್ ಹಾಟ್‌ಸ್ಪಾಟ್ ಎಂಬ ಗುಂಡಿ ಒತ್ತಿದರೆ ಎಂಟು ಸಾಧನಗಳ ತನಕ ಸೇರಬಹುದು. ಆ ಕಂಪ್ಯೂಟರ್ ಆಫ್ ಆದರೆ ಎಲ್ಲರದ್ದೂ ಆಫ್.

ನೆಟ್ ನಿಧಾನವಾದರೆ ತಪ್ಪು ಎಲ್ಲಿದೆ ಎಂದು ತಿಳಿಯುವುದು ಹೇಗೆ?

ಒಂದು ಲ್ಯಾಪ್‌ಟಾಪನ್ನು ವೈರಿನಲ್ಲಿ ನೇರ ರೂಟರಿಗೆ ಸೇರಿಸಿ. ಉಳಿದವರ ವೈಫೈ ಐದು ನಿಮಿಷ ನಿಲ್ಲಿಸಿ. ಸ್ಪೀಡ್ ಟೆಸ್ಟ್ ಮಾಡಿ. ಪ್ಲಾನಿನಷ್ಟು ಬಂದರೆ ಲೈನ್ ಸರಿ, ತೊಂದರೆ ನಿಮ್ಮ ಮನೆಯೊಳಗೆ. ಬಾರದಿದ್ದರೆ ಟೆಸ್ಟಿನ ಪರದೆಯ ಚಿತ್ರ ತೆಗೆದಿಟ್ಟು ದೂರು ಕೊಡಿ. ವೈಫೈಯಲ್ಲಿ ತೆಗೆದ ಚಿತ್ರ ಕಳಿಸಿದರೆ "ನಿಮ್ಮ ಮೊಬೈಲಿನ ಸಮಸ್ಯೆ" ಎಂದು ಮುಗಿಸಿಬಿಡುತ್ತಾರೆ. ಟೆಸ್ಟಿನಲ್ಲಿ ಅಪ್‌ಲೋಡ್ ಕೂಡ ನೋಡಿ. ಯಾರದೋ ಫೋನು ಮದುವೆಯ ಫೋಟೊಗಳನ್ನೆಲ್ಲ ಕ್ಲೌಡಿಗೆ ಕಳಿಸುತ್ತಾ ಕೂತಿದ್ದರೆ, ಅಪ್‌ಲೋಡ್ ತುಂಬಿ ಎಲ್ಲರ ಮೀಟಿಂಗೂ ನಿಲ್ಲುತ್ತದೆ. ಆ ಬ್ಯಾಕಪ್ ರಾತ್ರಿಗೆ ಹಾಕಿ.

ಹೊಸ ಮನೆ ಕಟ್ಟಿಸುತ್ತಿದ್ದೇವೆ. ಈಗಲೇ ಏನು ಮಾಡಬೇಕು?

ಈ ಪ್ರಶ್ನೆ ಕೇಳಿದವರನ್ನು ಕಂಡರೆ ನನಗೆ ಬಹಳ ಖುಷಿ. ಗಾರೆ ಆಗುವ ಮೊದಲೇ ಪ್ರತಿ ಕೋಣೆಗೆ, ಟೀವಿಯ ಜಾಗಕ್ಕೆ, ಮಾಳಿಗೆಯ ನಡುವಿಗೆ ಒಂದೊಂದು ಪೈಪ್ ಹಾಕಿಸಿ. ಎಲ್ಲ ಪೈಪುಗಳೂ ಒಂದೇ ಕಡೆ ಬಂದು ಸೇರಲಿ, ರೂಟರ್ ಅಲ್ಲಿ ಇಡುತ್ತೀರಿ. ಕಂಬದಿಂದ ಬರುವ ಫೈಬರಿಗೂ ಅಲ್ಲಿಗೆ ಒಂದು ಪೈಪ್ ಬೇಕು. ಕರೆಂಟಿನ ವೈರು ಇರುವ ಪೈಪಿನಲ್ಲಿ ಇದನ್ನು ಸೇರಿಸಬಾರದು, ಬೇರೆಯೇ ಬೇಕು. ಚೂಪು ಎಲ್ಬೋ ಬೇಡ, ಉದ್ದ ತಿರುವಿನದ್ದು ಹಾಕಿಸಿ. ಈಗಲೇ ಕೇಬಲ್ ತರಲು ದುಡ್ಡಿಲ್ಲದಿದ್ದರೆ ಪೈಪಿನೊಳಗೆ ನೈಲಾನ್ ಹಗ್ಗ ಒಂದು ಬಿಟ್ಟಿರಿ, ಮುಂದೆ ಎಳೆಯಲು ಆಗುತ್ತದೆ. ಮತ್ತೆ ಗೋಡೆಗೆ ಗಾರೆ ಬೀಳುವ ಹಿಂದಿನ ದಿನ ಪ್ರತಿ ಗೋಡೆಯದ್ದೂ ಅಳತೆಯ ಟೇಪ್ ಹಿಡಿದು ಒಂದೊಂದು ಫೋಟೊ ತೆಗೆದಿಡಿ, ಪೈಪ್ ಎಲ್ಲಿದೆ ಎಂದು ಮುಂದೆ ತಿಳಿಯಲು.